ಎರಡು ಸಲ ಗುಳೆ ಎದ್ದ ಹತ್ತಿಯ ಬಯಲು

ಪ್ರಶ್ನೆ: ನಮ್ಮ ಮೂಲ ಗದಗ ಕಡೆಯ ಹಳ್ಳಿ. ಮುತ್ತಜ್ಜ ಹತ್ತಿ ವ್ಯಾಪಾರ ಮಾಡುತ್ತಿದ್ದರಂತೆ. ಊರ ಹಳೇ ಮನೆ ಬಿಚ್ಚುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಅವರಿಗೆ ಮುಂಬಯಿಯಿಂದ ಬಂದಿದ್ದ 1912ರ ಒಂದು ಕಾಗದ ಸಿಕ್ಕಿತು. ತಲೆಯ ಮೇಲೆ ‘ಕುಲಾಬಾ, ಕಾಟನ್ ಗ್ರೀನ್’ ಅಂತ ವಿಳಾಸ. ಒಳಗೆ, ‘ತಾವು ಕಳಿಸಿದ ಕುಮಟಾ 40 ಅಂಡಿಗೆ ಮುಟ್ಟಿದವು, ಜಥಾದಲ್ಲಿ ಇಳಿಸಿದ್ದೇವೆ, ಖಂಡಿಯ ಧಾರಣೆ ಹಿಂದಿನಿಂದ ತಿಳಿಸುತ್ತೇವೆ’ ಅಂತ ಬರೆದಿದೆ. ನಾನು ಎಷ್ಟೋ ವರ್ಷದಿಂದ ಹಾರ್ಬರ್ ಲೈನಿನಲ್ಲಿ ಓಡಾಡುವವನು. ಕಾಟನ್ ಗ್ರೀನ್ ಸ್ಟೇಷನ್ ಇರುವುದು ರೇ ರೋಡ್ ಮತ್ತು ಶಿವಡಿ ನಡುವೆ, ಕೊಲಾಬಾದಲ್ಲಲ್ಲ. ನಮ್ಮ ಹೊಲ ಇದ್ದದ್ದು ಗದಗಿನ ಕಡೆ, ಕುಮಟೆಯಲ್ಲಲ್ಲ. ವಿಳಾಸ ತಪ್ಪೋ, ಇಲ್ಲಾ ಈ ಕಾಗದ ಬೇರೆ ಯಾರದ್ದೋ? (ಓದುಗರು, ವಾಶಿ)

ಉತ್ತರ: ವಿಳಾಸ ಸರಿ ಇದೆ, ಕಾಗದವೂ ನಿಮ್ಮ ಮನೆಯದೇ. 1912ರಲ್ಲಿ ಕಾಟನ್ ಗ್ರೀನ್ ಇದ್ದದ್ದು ಕೊಲಾಬಾದಲ್ಲೇ. ನೀವು ದಿನಾ ಹಾದುಹೋಗುವ ಸ್ಟೇಷನ್ನಿನ ಸುತ್ತಮುತ್ತ ಆಗ ಸಮುದ್ರ ತುಂಬಿಸಿ ಹೊಸದಾಗಿ ಎಬ್ಬಿಸಿದ ನೆಲ. ಕುಮಟೆಯ ಗೊಂದಲವೂ ಇದೇ ಜಾತಿಯದು. ಹತ್ತಿ ವ್ಯಾಪಾರದಲ್ಲಿ ಹೆಸರು ಬರುವುದು ಬೆಳೆದ ಹೊಲದಿಂದಲ್ಲ, ರಾಶಿ ಬಿದ್ದ ಜಾಗದಿಂದ. ಆಮೇಲೆ ರಾಶಿ ಎದ್ದುಹೋದರೂ ಹೆಸರು ಹೋಗುವುದಿಲ್ಲ. ನಿಮ್ಮ ಕಾಗದದ ಎರಡು ಸಾಲಿನಲ್ಲಿ ಅಂಥ ಎರಡು ಹೆಸರಿವೆ.

ಮೊದಲು ‘ಗ್ರೀನ್’ ಅಂದರೇನು ನೋಡೋಣ. ಇದಕ್ಕೂ ಹಸಿರು ಬಣ್ಣಕ್ಕೂ ಅಷ್ಟೇನೂ ನಂಟಿಲ್ಲ. ಇಂಗ್ಲಿಷರ ಹಳ್ಳಿಗಳಲ್ಲಿ ಊರ ನಡುವೆ ಎಲ್ಲರಿಗೂ ಸೇರಿದ ಹುಲ್ಲುಬಯಲು ಇರುತ್ತದೆ, ಅದಕ್ಕೆ ಆ ಹೆಸರು. ನಿಮ್ಮ ಕಡೆ ಸಂತೆಮಾಳ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಮುಂಬಯಿಗೆ ಬಂದ ಇಂಗ್ಲಿಷರು ತಮ್ಮ ಕೋಟೆಯ ನಡುವೆ ಬಿಟ್ಟ ಬಯಲಿಗೂ ಊರಿನ ನೆನಪಿಗೆ ‘ಬಾಂಬೆ ಗ್ರೀನ್’ ಅಂದರು. ಅದರ ಮೇಲೆ ಹತ್ತಿ ಬಂದು ಕೂತಿತು, ಕಾಟನ್ ಗ್ರೀನ್ ಆಯಿತು.

ಆ ಮೊದಲನೆಯ ಬಯಲು ಯಾವುದು ಗೊತ್ತೇ? ಫೋರ್ಟಿನ ಹಾರ್ನಿಮನ್ ಸರ್ಕಲ್. ಈಗ ನಾವು ಫೋರ್ಟ್ ಅನ್ನುವಾಗ ಅಲ್ಲಿ ಕೋಟೆ ಇತ್ತು ಅನ್ನುವುದು ತಲೆಗೇ ಬರುವುದಿಲ್ಲ. ನಿಜವಾಗಿ ಗೋಡೆ, ಕಂದಕ, ಮೂರು ಬಾಗಿಲು ಎಲ್ಲ ಇದ್ದವು. ಉತ್ತರಕ್ಕೆ ಬಜಾರ್ ಗೇಟ್, ದಕ್ಷಿಣಕ್ಕೆ ಅಪೋಲೋ ಗೇಟ್, ಪಶ್ಚಿಮಕ್ಕೆ ಚರ್ಚ್ ಗೇಟ್. ಚರ್ಚ್ ಗೇಟ್ ಇದ್ದದ್ದು ಈಗ ಫ್ಲೋರಾ ಫೌಂಟನ್ ನಿಂತಿರುವ ಕಡೆ. ಸ್ಟೇಷನ್ನಿಗೆ ಚರ್ಚ್‌ಗೇಟ್ ಅನ್ನುತ್ತೇವೆ, ಗೇಟೂ ಇಲ್ಲ, ಎದುರಿಗೆ ಚರ್ಚೂ ಇಲ್ಲ. ಆ ಚರ್ಚು 1718ರಲ್ಲಿ ಪ್ರಾರ್ಥನೆಗೆ ತೆರೆದ ಸೇಂಟ್ ಥಾಮಸ್ ಕೆಥೀಡ್ರಲ್. ಅದು ಬಾಂಬೆ ಗ್ರೀನಿನ ಅಂಚಿನಲ್ಲೇ ಇತ್ತು, ಈಗಲೂ ಹಾರ್ನಿಮನ್ ಸರ್ಕಲ್ಲಿನ ಪಕ್ಕ ಇದೆ. ಪೂರ್ವಕ್ಕೆ 1833ರಲ್ಲಿ ಮುಗಿದ ಟೌನ್ ಹಾಲ್, ಅದೇ ನಮ್ಮ ಏಷಿಯಾಟಿಕ್ ಲೈಬ್ರರಿಯ ಬಿಳಿ ಮೆಟ್ಟಿಲುಗಳ ಕಟ್ಟಡ. ಅದರ ಬೆನ್ನಿಗೆ ಹಡಗು ಕಟ್ಟುವ ಕಡಲು.

ಗುಜರಾತಿನ ಭರೂಚ್, ಸೂರತ್ ಕಡೆಯಿಂದ ದೋಣಿಯಲ್ಲಿ ಬಂದ ಹತ್ತಿ ಈ ಬಯಲಿನಲ್ಲಿ ಗುಡ್ಡೆ ಬೀಳುತ್ತಿತ್ತು. ಆಗ ದೊಡ್ಡ ಗಿರಾಕಿ ಇಂಗ್ಲೆಂಡಲ್ಲ, ಚೀನಾ. ಹಡಗಿನಲ್ಲಿ ಜಾಗ ಉಳಿಸಬೇಕಾದರೆ ಹತ್ತಿಯನ್ನು ಹಿಂಡಿ ಚಿಕ್ಕದು ಮಾಡಬೇಕು. ಅದಕ್ಕೆ ದೊಡ್ಡ ತಿರುಪಿನ ಪ್ರೆಸ್ಸುಗಳಿದ್ದವು. ಎಣ್ಣೆಗಾಣಕ್ಕೆ ಎತ್ತು ಕಟ್ಟುವ ಹಾಗೆ ಇದಕ್ಕೆ ಆಳುಗಳು ಸುತ್ತ ನಿಂತು ತಿರುವುತ್ತಿದ್ದರು. ಕೋಟೆಯೊಳಗೆ ಮನೆ, ಕಚೇರಿ, ಅಂಗಡಿ ಒತ್ತೊತ್ತಾಗಿ ತುಂಬಿದ್ದವು. ನಡುವೆ ಈ ಹತ್ತಿ, ಅದರ ದೂಳು, ಗಾಡಿ, ಎತ್ತು. 1803ರ ಫೆಬ್ರುವರಿಯಲ್ಲಿ ಕೋಟೆಯ ಉತ್ತರ ಭಾಗದಲ್ಲಿ ಎದ್ದ ಬೆಂಕಿ ಬೀದಿಗೆ ಬೀದಿಯನ್ನೇ ನುಂಗಿತ್ತು. ಅದನ್ನು ಕಂಡ ಊರಿಗೆ ಗವರ್ನರ್ ಸಾಹೇಬರ ಮೂಗಿನಡಿಯಲ್ಲೇ ಬಿದ್ದ ಹತ್ತಿಗುಡ್ಡೆ ಎಷ್ಟು ದಿನ ಸಹನೆಯಾದೀತು? 1844ರಲ್ಲಿ ಹತ್ತಿ ವ್ಯಾಪಾರವನ್ನು ಕೊಲಾಬಾಕ್ಕೆ ಎಬ್ಬಿಸಿದರು. ಅದಕ್ಕೆ ಆರು ವರ್ಷ ಮೊದಲು, 1838ರಲ್ಲಿ, ಕೊಲಾಬಾ ದ್ವೀಪಕ್ಕೆ ಕಾಸ್‌ವೇ, ಅಂದರೆ ನೀರಿನ ನಡುವಿನ ಏರಿ ರಸ್ತೆ, ಕಟ್ಟಿ ಮುಗಿದಿತ್ತು. ಅಲ್ಲಿಯವರೆಗೆ ಭರತದ ವೇಳೆ ಅತ್ತ ಹೋಗುವವರು ಇತ್ತಲೇ, ಇತ್ತ ಬರುವವರು ಅತ್ತಲೇ. ರಸ್ತೆ ಆಗದೆ ಹತ್ತಿ ಹೋಗುವ ಹಾಗಿರಲಿಲ್ಲ.

ಹತ್ತಿ ಹೋದ ಮೇಲೆ ಹಳೆಯ ಗ್ರೀನ್ ಹಾಳು ಸುರಿಯಿತು, ಕಸ ಚೆಲ್ಲುವ ಜಾಗವಾಯಿತು. ಅಲ್ಲಿ ಹಿಂದೆ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಕಾರ್ನ್‌ವಾಲಿಸನ ಅಮೃತಶಿಲೆಯ ಮೂರ್ತಿ ಇತ್ತು. ಮಂಟಪದೊಳಗಿನ ಮೂರ್ತಿ ಕಂಡರೆ ನಮ್ಮ ಜನ ಸುಮ್ಮನಿರುತ್ತಾರೆಯೇ, ಹೂವು ಏರಿಸಿ ಕೈಮುಗಿಯತೊಡಗಿದರು. ಸರಕಾರಕ್ಕೆ ಇದು ಇರುಸುಮುರುಸು. ಆ ಕಾರ್ನ್‌ವಾಲಿಸ್ ಈಗ ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಆವರಣದಲ್ಲಿದ್ದಾನೆ, ಹೂವು ಏರಿಸುವವರಿಲ್ಲ. ಷೇರು ದಲಾಲರೂ ಮೊದಲು ಸೇರುತ್ತಿದ್ದದ್ದು ಇದೇ ಟೌನ್ ಹಾಲ್ ಎದುರಿನ ಆಲದ ಮರದಡಿ, 1850ರ ದಶಕದಲ್ಲಿ. ದಲಾಲ್ ಸ್ಟ್ರೀಟಿಗೆ ಹೋದದ್ದು 1874ರಲ್ಲಿ. ಪೊಲೀಸ್ ಮುಖ್ಯಸ್ಥ ಚಾರ್ಲ್ಸ್ ಫೋರ್ಜೆಟ್, ಈ ಹಾಳು ಬಯಲಿನ ಸುತ್ತ ದುಂಡಗೆ ಕಟ್ಟಡ ಎಬ್ಬಿಸಬೇಕೆಂದು ಪಟ್ಟು ಹಿಡಿದ. ಮುನಿಸಿಪಾಲಿಟಿ ಜಾಗ ಕೊಂಡು, ತುಂಡು ಮಾಡಿ ಕಂಪನಿಗಳಿಗೆ ಲಾಭಕ್ಕೆ ಮಾರಿತು. 1860ರ ದಶಕದಲ್ಲಿ ಎಲ್ಫಿನ್‌ಸ್ಟನ್ ಸರ್ಕಲ್ ಎದ್ದಿತು, 1872ಕ್ಕೆ ನಡುವಿನ ತೋಟ ಮುಗಿಯಿತು. ‘ಬಾಂಬೆ ಕ್ರಾನಿಕಲ್’ ಸಂಪಾದಕ ಬೆಂಜಮಿನ್ ಹಾರ್ನಿಮನ್ ನಮ್ಮ ಪರವಾಗಿ ಬರೆದದ್ದಕ್ಕೆ 1919ರಲ್ಲಿ ಗಡೀಪಾರಾದವರು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಲ್ಲಿಗೆ ಅವರ ಹೆಸರಿಟ್ಟರು. ಆ ತೋಟದಲ್ಲಿ ಹುಡುಕಿದರೂ ಹತ್ತಿಯ ಒಂದು ಎಳೆ ಸಿಗದು.

ಈಗ ನಿಮ್ಮ ಮುತ್ತಜ್ಜನ ಕೊಲಾಬಾಕ್ಕೆ ಬರೋಣ. ಅದಕ್ಕೂ ಮುಂಚೆ ಕುಮಟೆಗೆ ಒಂದು ಸುತ್ತು ಹೋಗಿಬರಬೇಕು.

ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆ ಹೊಲದ ಹತ್ತಿ ರೈಲು ಬರುವ ಮೊದಲು ಮುಂಬಯಿಗೆ ಬರುತ್ತಿದ್ದದ್ದು ಸಮುದ್ರದ ಮೇಲೆ. ಹೇರೆತ್ತಿನ ಮೇಲೆ, ಆಮೇಲೆ ಗಾಡಿಯ ಮೇಲೆ, ಘಟ್ಟ ಇಳಿದು ಕುಮಟಾ ಬಂದರಿಗೆ. ಅಲ್ಲಿಂದ ಪತ್ತೆಮಾರಿ ಅನ್ನುವ ಹಾಯಿಹಡಗಿನಲ್ಲಿ ಮುಂಬಯಿಗೆ. ಮುಂಬಯಿಯ ದಲಾಲಿಗೆ ಎರೆ ಹೊಲ ಗೊತ್ತಿಲ್ಲ, ದೋಣಿ ಬಂದ ಬಂದರು ಗೊತ್ತು. ಹಾಗಾಗಿ ಧಾರವಾಡ ಸೀಮೆಯ ಜವಾರಿ ಹತ್ತಿಗೆ ‘ಕುಮಟಾ’ ಅನ್ನುವುದೇ ಹೆಸರಾಯಿತು. ಕುಮಟೆಯ ಗದ್ದೆಯಲ್ಲಿ ಭತ್ತ, ತೋಟದಲ್ಲಿ ತೆಂಗು. ಹತ್ತಿ ಅಲ್ಲಿ ಬೆಳೆಯುವುದೇ ಇಲ್ಲ. ನಾನು ಉತ್ತರ ಕನ್ನಡದವನೇ, ಚಿಕ್ಕಂದಿನಲ್ಲಿ ನಮ್ಮ ಮನೆಯ ಹಾಸಿಗೆಗೆ ತುಂಬುತ್ತಿದ್ದದ್ದು ಬೂರುಗದ ಅರಳೆ. ಆದರೂ ಇಂಗ್ಲೆಂಡಿನ ಲಿವರ್‌ಪೂಲ್ ಹತ್ತಿ ಪೇಟೆಯ ಧಾರಣೆಪಟ್ಟಿಯಲ್ಲಿ ನಮ್ಮ ಊರ ಹೆಸರು ಇತ್ತು! 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ನಿಮ್ಮ ಸೀಮೆಗೆ ಬಂತು, ಹತ್ತಿ ರೈಲು ಹತ್ತಿತು, ಬಂದರು ಬಡವಾಯಿತು. 1912ರ ನಿಮ್ಮ 40 ಅಂಡಿಗೆ (ಹತ್ತಿಯ ಬೇಲು) ಕುಮಟೆಯನ್ನು ಕಣ್ಣಿಂದಲೂ ನೋಡಿರಲಿಕ್ಕಿಲ್ಲ. ಮೀಟರ್ ಗೇಜಿನಲ್ಲಿ ಪುಣೆಗೆ ಬಂದು, ಅಲ್ಲಿ ದೊಡ್ಡ ಗೇಜಿನ ಗಾಡಿಗೆ ಬದಲಾಗಿ, ಭೋರ್ ಘಾಟ್ ಇಳಿದಿರಬೇಕು. ಹೆಸರು ಮಾತ್ರ ಕುಮಟಾ. ತಳಿಯ ಲೆಕ್ಕದಲ್ಲೂ ಅದೇ ಉಳಿಯಿತು. ಧಾರವಾಡ ಕಡೆಯ ರೈತರಿಗೆ ಗೊತ್ತಿರುವ ಜಯಧರ ಹತ್ತಿ ಆ ಕುಮಟಾ ವರ್ಗದ್ದೇ.

ಇದರ ಜೊತೆಗೆ ಇನ್ನೊಂದು ಹತ್ತಿ ಇತ್ತು, ‘ಧಾರವಾಡ ಅಮೆರಿಕನ್’. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ಬೀಜ ತರಿಸಿ, ಅಮೆರಿಕದ ತೋಟಗಾರರನ್ನೂ ಕರೆಸಿ, ಹಿಂದೂಸ್ತಾನದ ಬೇರೆ ಬೇರೆ ಕಡೆ ಬಿತ್ತಿಸಿ ನೋಡಿತ್ತು. ಹೆಚ್ಚಿನ ಕಡೆ ಸೋತಿತು, ಧಾರವಾಡದ ನೆಲದಲ್ಲಿ ಹತ್ತಿತು. ನಿಮ್ಮ ಕಡೆ ಅದು ವಿಲಾಯತಿ ಹತ್ತಿ. ನಿಮ್ಮ ಕಾಗದದಲ್ಲಿ ‘ಕುಮಟಾ’ ಅಂತ ಬಿಡಿಸಿ ಬರೆದಿರುವುದು ಅದಕ್ಕೇ. ಕಳಿಸಿದ್ದು ಜವಾರಿ, ವಿಲಾಯತಿ ಅಲ್ಲ.

ಎರಡನ್ನೂ ಬೆರೆಸಿ ಕಳಿಸುವ ಚಾಳಿಯೂ ಇತ್ತೆನ್ನಿ. ನೀರು ಚಿಮುಕಿಸುವುದು, ಬೀಜ ಉಳಿಸುವುದು, ಮಣ್ಣು ಸೇರಿಸುವುದು, ಅಂಡಿಗೆಯ ಹೊರಸುತ್ತು ಒಳ್ಳೆಯದಿಟ್ಟು ಹೊಟ್ಟೆಯಲ್ಲಿ ಕಸ ತುಂಬುವುದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಟ್ಟೆ ಮಿಲ್ಲಿನವರು ಬೊಬ್ಬೆ ಹೊಡೆದದ್ದಕ್ಕೆ ಮುಂಬಯಿ ಸರಕಾರ 1863ರಲ್ಲಿ ಹತ್ತಿ ಮೋಸ ತಡೆಯುವ ಕಾನೂನನ್ನೇ ಮಾಡಿತು, ಇನ್ಸ್‌ಪೆಕ್ಟರುಗಳನ್ನು ಇಟ್ಟಿತು. ಮೋಸವೆಲ್ಲ ರೈತನದೇ ಅಂತ ಸರಕಾರಿ ಕಾಗದಗಳ ಧಾಟಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹೊಲದಿಂದ ಹಡಗಿನವರೆಗೆ ಐದಾರು ಕೈ ದಾಟುವ ಮಾಲಿನಲ್ಲಿ ಮೊದಲನೆಯ ಕೈಯೊಂದೇ ಕೊಳಕು ಅಂದರೆ ನಂಬುವುದು ಹೇಗೆ?

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಕೊಲಾಬಾ ಗ್ರೀನಿನ ಮೇಲೆ ಏನು ನಡೆಯಿತು ಅನ್ನುವುದು ನೀವು ಓದಿರುವ ಕತೆಯೇ. ಬಂಗಾರದ ಮಳೆ, ದಿನಕ್ಕೊಂದು ಬ್ಯಾಂಕು, ಸಮುದ್ರ ತುಂಬಿಸುವ ಕಂಪನಿಗಳ ಷೇರು. ಯುದ್ಧ ಮುಗಿಯಿತು, 1865ರ ಜುಲೈ 1ರ ಲೆಕ್ಕ ಚುಕ್ತಾ ಮಾಡುವ ದಿನ ಎಲ್ಲ ಕುಸಿಯಿತು. ಇದೇ ಹತ್ತಿಯ ಆಸೆಗೆ 1862ರಲ್ಲಿ ನಮ್ಮ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದು. ಕಾರವಾರದಲ್ಲಿ ದೊಡ್ಡ ಬಂದರು ಮಾಡಿ ಧಾರವಾಡದ ಹತ್ತಿಯನ್ನು ನೇರ ಸಾಗಿಸಬೇಕು ಅಂತ ಮ್ಯಾಂಚೆಸ್ಟರಿನವರ ಹಟ. ಬಂದರು ಅಂದುಕೊಂಡಂತೆ ಆಗಲಿಲ್ಲ, ನಾವು ಮಾತ್ರ ಮುಂಬಯಿಯವರಾದೆವು. ಧಾರವಾಡದವರು, ಕಾರವಾರದವರು ಆಮೇಲೆ ಕೋರ್ಟು, ಕಾಲೇಜು ಅಂತ ಮುಂಬಯಿಗೆ ಬಂದ ದಾರಿಯಲ್ಲಿ ಹತ್ತಿಯ ಪಾಲೂ ಇದೆ.

ಇನ್ನು ‘ಜಥಾ’. ಕೊಲಾಬಾದ ಬಯಲಿನಲ್ಲಿ ಪ್ರತಿ ವ್ಯಾಪಾರಿಗೆ ತನ್ನ ಮಾಲು ಒಟ್ಟಲು ಗೊತ್ತುಮಾಡಿದ ಜಾಗ ಇರುತ್ತಿತ್ತು. ಅದೇ ಜಥಾ, ಅದನ್ನು ಹಿಡಿದವನು ಜಥಾವಾಲಾ. ಊರಿನಿಂದ ಬಂದ ಮಾಲನ್ನು ಇಳಿಸಿಕೊಳ್ಳುವುದು, ಕಾಯುವುದು, ತೂಗಿಸುವುದು, ಮಾರಿಸುವುದು, ಮಾರುವವರೆಗೆ ಮುಂಗಡ ಹಣ ಕೊಡುವುದು, ಇದೆಲ್ಲ ಮುಕದಮನ ಕೆಲಸ. ನಿಮ್ಮ ಮುತ್ತಜ್ಜನಿಗೆ ಕಾಗದ ಬರೆದವನು ಅಂಥ ಮುಕದಮನೋ ಜಥಾವಾಲಾನೋ ಇರಬೇಕು. ನಿಮ್ಮ ಎಪಿಎಂಸಿಯ ಅಡತಿಯವರ ಮುಂಬಯಿ ದಾಯಾದಿ ಅನ್ನಿ. ದೀಪಾವಳಿ ಕಳೆದ ಮೇಲೆ ಮಾಲು ಬರಲು ಸುರುವಾಗಿ, ಮೇ ತಿಂಗಳ ಹೊತ್ತಿಗೆ ಬಯಲು ಅಂಡಿಗೆಯ ಊರೇ ಆಗುತ್ತಿತ್ತು. ಸಾಲಿನ ನಡುವೆ ಗಾಡಿ ಹೋಗುವಷ್ಟು ಗಲ್ಲಿ ಬಿಟ್ಟು ಮನುಷ್ಯನಿಗಿಂತ ಎತ್ತರದ ಒಟ್ಟಿಲು. ಮಳೆ ಬರುವ ಮುಂಚೆ ಖಾಲಿಯಾಗಬೇಕು. ಬೆಂಕಿಯ ಭಯ ವರ್ಷವಿಡೀ.

ಮಾರುವ ರೀತಿಯೂ ಚಂದ. ಕೊಳ್ಳುವವನು ಮತ್ತು ಮಾರುವವನು ಒಂದು ಬಟ್ಟೆಯ ಕೆಳಗೆ ಕೈ ಸೇರಿಸಿ, ಬೆರಳು ಮುಟ್ಟಿ ಧಾರಣೆ ಹೇಳುವುದು. ಸುತ್ತ ಹತ್ತು ಜನ ನಿಂತಿದ್ದರೂ ದರ ಇಬ್ಬರಿಗೇ ಗೊತ್ತು. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ಲಿನ ಕೆಳಗೆ ಎತ್ತಿನ ವ್ಯಾಪಾರ ಕುದುರಿಸುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಜಥಾದಲ್ಲಿ ಕೂತ ಮುಕದಮನಿಗೆ ಇದು ಅನುಕೂಲ. ಗದಗಿನಲ್ಲಿ ಕೂತು ಕಾಗದಕ್ಕೆ ಕಾಯುತ್ತಿದ್ದ ನಿಮ್ಮ ಮುತ್ತಜ್ಜನಂಥವರಿಗೆ ಅವನು ಹೇಳಿದ್ದೇ ಧಾರಣೆ.

ಖಂಡಿಯ ಲೆಕ್ಕ ಹೀಗೆ. ಖಂಡಿ ಊರಿಗೊಂದು ತೂಕದ್ದು, ಮುಂಬಯಿಯ ಹತ್ತಿ ಖಂಡಿ ಮಾತ್ರ 784 ಪೌಂಡು, ಅಂದರೆ 355.6 ಕಿಲೋ. ಪ್ರೆಸ್ಸಿನಲ್ಲಿ ಹಿಂಡಿ ಪಟ್ಟಿ ಬಿಗಿದ ಅಂಡಿಗೆ 392 ಪೌಂಡು, ಎರಡು ಸೇರಿದರೆ ಒಂದು ಖಂಡಿ. ನಿಮ್ಮ 40 ಅಂಡಿಗೆ ಪ್ರೆಸ್ಸಾದವು ಆಗಿದ್ದರೆ ಒಟ್ಟು 20 ಖಂಡಿ, ಏಳು ಟನ್ನಿಗಿಂತ ಸ್ವಲ್ಪ ಹೆಚ್ಚು. ಪ್ರೆಸ್ ಮಾಡದೆ ಸಡಿಲಾಗಿ ತುಂಬಿದ ‘ಡೋಕ್ರಾ’ ಆಗಿದ್ದರೆ ಈ ಲೆಕ್ಕ ಹೊಂದುವುದಿಲ್ಲ. ಈಗಿನ ಅಂಡಿಗೆ 170 ಕಿಲೋ. ಪೌಂಡು ಹೋಯಿತು, ಮಣ ಹೋಯಿತು, ಹತ್ತಿಯ ಧಾರಣೆ ಇವತ್ತಿಗೂ ಖಂಡಿಗೇ. ಪೇಪರಿನ ವಾಣಿಜ್ಯ ಪುಟದಲ್ಲಿ ‘356 ಕಿಲೋದ ಖಂಡಿ’ ಅಂತ ವಿಚಿತ್ರ ಅಂಕಿ ಕಂಡರೆ ಅದು ಇದೇ.

ಕೊಲಾಬಾದಿಂದ ಹತ್ತಿಯನ್ನು ಎಬ್ಬಿಸಿದ್ದಕ್ಕೆ ಕಾರಣ ಒಂದಲ್ಲ. ಕೊಲಾಬಾ ಊರಿನ ದಕ್ಷಿಣದ ತುದಿ, ಮಿಲ್ಲುಗಳು ಬೆಳೆದದ್ದು ಉತ್ತರಕ್ಕೆ, ಪರೇಲ್, ಲಾಲ್‌ಬಾಗ್ ಕಡೆ. ಡಾಕುಗಳೂ ಉತ್ತರಕ್ಕೆ ಸರಿದವು. ಪ್ರಿನ್ಸೆಸ್ ಡಾಕ್ 1880ರಲ್ಲಿ ಆಯಿತು. ಗುಜರಾತಿನ ಹತ್ತಿಗೆ ಬಿ.ಬಿ.ಸಿ.ಐ. (ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ) ರೈಲು ಕೊಲಾಬಾವರೆಗೆ ಬರುತ್ತಿತ್ತು. ಖಾನದೇಶ, ವಿದರ್ಭದ ವರ್ಹಾಡ, ನಿಮ್ಮ ಗದಗ, ಈ ಕಡೆಯದ್ದು ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲಿನಲ್ಲಿ ಬಂದು ಊರ ಆ ಬದಿಯಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಎತ್ತಿನ ಗಾಡಿಯಲ್ಲಿ, ಇಡೀ ಪೇಟೆ ದಾಟಿ, ಕೊಲಾಬಾಕ್ಕೆ. ಮಾರಿದ ಮೇಲೆ ಮಿಲ್ಲಿಗೆ ಅಥವಾ ಹಡಗಿಗೆ ಅದೇ ದಾರಿಯಲ್ಲಿ ವಾಪಸ್ಸು. ಆ ಹೊತ್ತಿಗೆ ಹೊರದೇಶದ ದೊಡ್ಡ ಗಿರಾಕಿ ಜಪಾನ್ ಆಗಿತ್ತು, ಹಡಗು ಕಾಯುವುದಿಲ್ಲ. ಇತ್ತ ಕೊಲಾಬಾದ ನೆಲಕ್ಕೆ ಬೆಲೆ ಬಂದಿತ್ತು, ಬಂಗಲೆಗಳು ಏಳುತ್ತಿದ್ದವು. ಬಂಗಲೆಯ ಮಗ್ಗುಲಿಗೆ ಹತ್ತಿ ಯಾರಿಗೆ ಬೇಕು? ಕೋಟೆಯಿಂದ ಎಬ್ಬಿಸಿದಾಗ ಆದದ್ದೇ ಇಲ್ಲೂ ಆಯಿತು. ಪೋರ್ಟ್ ಟ್ರಸ್ಟ್ ಮಝಗಾಂವ್‌ನಿಂದ ಶಿವಡಿವರೆಗೆ ಸಮುದ್ರ ತುಂಬಿಸಿದ ನೆಲದಲ್ಲಿ, ರೈಲಿನ ಹಳಿಯ ಪಕ್ಕವೇ, ಸಾಲುಸಾಲು ಗೋದಾಮು ಕಟ್ಟಿತು. 1920ರ ದಶಕದಲ್ಲಿ ಕಾಟನ್ ಗ್ರೀನ್ ಅನ್ನುವ ಹೆಸರನ್ನೂ ಕಟ್ಟಿಕೊಂಡು ಹತ್ತಿ ಅಲ್ಲಿಗೆ ಹೋಯಿತು. ಈ ಸಲ ಹುಲ್ಲೂ ಇಲ್ಲ, ಬಯಲೂ ಇಲ್ಲ, ಬರಿ ಗೋದಾಮು.

ಕೊಲಾಬಾ ಸ್ಟೇಷನ್ 1930ರ ಡಿಸೆಂಬರ್ 31ಕ್ಕೆ ಮುಚ್ಚಿತು. ಅದರ ಜಾಗದಲ್ಲಿ ಈಗ ರೈಲ್ವೆ ಅಧಿಕಾರಿಗಳ ಬಧ್ವಾರ್ ಪಾರ್ಕ್ ಇದೆ. ಹತ್ತಿಯ ಕಾಲದ ಗುರುತು ಆ ಕಡೆ ಉಳಿದಿದ್ದರೆ ಸಸೂನ್ ಡಾಕ್ ಒಂದು. 1875ರಲ್ಲಿ ಸಸೂನ್ ಕುಟುಂಬದವರು ಕಟ್ಟಿಸಿದ್ದು. ಈಗ ಬೆಳಗಿನ ನಾಲ್ಕಕ್ಕೆ ಅಲ್ಲಿ ಮೀನಿನ ಹರಾಜು.

ಮೂರನೆಯ ಕಾಟನ್ ಗ್ರೀನ್ ನಾನು ಕಣ್ಣಾರೆ ಕಂಡದ್ದು. 1970ರ ದಶಕದಲ್ಲಿ ಊರಿನಿಂದ ಬಂದ ಹೊಸತರಲ್ಲಿ ಅಲ್ಲೊಂದು ಕ್ಯಾಂಟೀನಿನಲ್ಲಿ ನಾನು ಚಹಾ ಒಯ್ಯುವ ಹುಡುಗ. ಹಗಲು ಗೋದಾಮಿನ ಸಾಲು ಸುತ್ತುವುದು, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆ. ಸ್ಯಾಂಪಲ್ ನೋಡುವ ಕೋಣೆಯಲ್ಲಿ ಒಬ್ಬ ವಯಸ್ಸಾದ ಗುಜರಾತಿ ಇದ್ದರು. ಅಂಡಿಗೆ ಕೊಯ್ದು ತೆಗೆದ ಒಂದು ಹಿಡಿಯಿಂದ ಚಿಟಿಕೆ ಕಿತ್ತು, ಎರಡು ಕೈಯ ಹೆಬ್ಬೆರಳಿನಲ್ಲಿ ಹಿಡಿದು ಎಳೆಯುವರು. ತುಂಡಾದ ಎರಡನ್ನೂ ಒಂದರ ಮೇಲೊಂದಿಟ್ಟು ಮತ್ತೆ ಎಳೆಯುವರು. ನಾಲ್ಕೈದು ಸಲ ಹೀಗೆ ಮಾಡಿದರೆ ಗಿಡ್ಡ ಎಳೆಯೆಲ್ಲ ಉದುರಿ, ಬಾಚಿದ ಕೂದಲಿನ ಹಾಗೆ ನೇರವಾದ ಎಳೆ ಬೆರಳಲ್ಲಿ ಉಳಿಯುತ್ತಿತ್ತು. ಅದನ್ನು ಕಪ್ಪು ಕೋಟಿನ ತೋಳಿನ ಮೇಲಿಟ್ಟು ಉದ್ದ ನೋಡುವರು. ಕೊನೆಗೆ ಕಿವಿಯ ಹತ್ತಿರ ಹಿಡಿದು ಪಟ್ಟಂತ ಹರಿಯುವರು. ಗಟ್ಟಿ ಹತ್ತಿಯ ಸದ್ದೇ ಬೇರೆಯಂತೆ. ಒಂದು ದಿನ ನನ್ನ ಊರು ಕೇಳಿದರು. ಕುಮಟೆಯ ಹತ್ತಿರ ಅಂದೆ. ‘ಓಹೋ, ಕುಮಟಾ! ಒಳ್ಳೇ ಹತ್ತಿ’ ಅಂದರು. ನನಗೆ ಅರ್ಥವಾಗಲಿಲ್ಲ. ಹತ್ತಿಯೂ ಗೊತ್ತಿಲ್ಲದ ಊರಿನವ ಅಂತ ಗೇಲಿ ಮಾಡುತ್ತಿದ್ದಾರೆ ಅಂದುಕೊಂಡು ಗ್ಲಾಸು ಎತ್ತಿಕೊಂಡು ಬಂದಿದ್ದೆ.

1982ರ ಜನವರಿಯಲ್ಲಿ ಮಿಲ್ ಮುಷ್ಕರ ಸುರುವಾಯಿತು, ಮಿಲ್ಲುಗಳು ಒಂದೊಂದಾಗಿ ಹೋದವು, ಹತ್ತಿ ಮುಂಬಯಿಗೆ ಬರುವ ಕಾರಣವೇ ಕರಗಿತು. ಈಗ ಧಾರಣೆ ಫೋನಿನಲ್ಲಿ, ಮಾಲು ಊರಿನ ಜಿನ್ನಿಂಗಿನಲ್ಲೇ, ಅಂದರೆ ಬೀಜ ಬಿಡಿಸುವ ಕಾರ್ಖಾನೆಯಲ್ಲೇ. ಸ್ಟೇಷನ್ ಎದುರಿನ ಕಾಟನ್ ಎಕ್ಸ್‌ಚೇಂಜ್ ಕಟ್ಟಡ ಮಾತ್ರ ಇದೆ. 1921ರಲ್ಲಿ ಈಸ್ಟ್ ಇಂಡಿಯಾ ಕಾಟನ್ ಅಸೋಸಿಯೇಷನ್ ಎಂದು ಹುಟ್ಟಿದ ಸಂಸ್ಥೆ ಈಗ ಕಾಟನ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಹೆಸರಿನಲ್ಲಿ ಅಲ್ಲೇ ನಡೆಯುತ್ತಿದೆ. ಹಾಂ, ನಿಮ್ಮ ಕಡೆ ಮಟಕಾಕ್ಕೆ ‘ಓಸಿ’ ಅನ್ನುತ್ತಾರಲ್ಲ, ಅದೂ ಹತ್ತಿಯ ಮಗುವೇ. ನ್ಯೂಯಾರ್ಕ್ ಹತ್ತಿ ಪೇಟೆಯ ಓಪನಿಂಗ್ ಧಾರಣೆ, ಕ್ಲೋಸಿಂಗ್ ಧಾರಣೆ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದಾಗ ಅದರ ಅಂಕಿಯ ಮೇಲೆ ಬಾಜಿ ಕಟ್ಟುತ್ತಿದ್ದರು. ಧಾರಣೆ ಬರುವುದು ನಿಂತ ಮೇಲೆ ಚೀಟಿಯನ್ನು ಮಡಕೆಗೆ ಹಾಕಿ ಎತ್ತತೊಡಗಿದರು, ಮಟಕಾ ಆಯಿತು.

ನಿಮ್ಮ ಕಾಗದಕ್ಕೆ ಲಕೋಟೆ ಇದ್ದರೆ, ಇಲ್ಲವೇ ಅದು ಕಾರ್ಡೇ ಆಗಿದ್ದರೆ, ಅಂಚೆಯ ಮುದ್ರೆಯನ್ನು ಭೂತಗನ್ನಡಿ ಹಿಡಿದು ನೋಡಿ. ಕೊಲಾಬಾ ಅಂತಿದ್ದರೆ ಕಾಗದ ಬಯಲಿನ ಜಥಾದಿಂದಲೇ ಬರೆದದ್ದು, ನಿಮ್ಮ ಅಂಡಿಗೆ ಬರೆದವನ ಕಣ್ಣೆದುರಿಗೇ ಇದ್ದವು. ಕಾಳಬಾದೇವಿ ಅಂತಿದ್ದರೆ ಬರೆದವನು ಪೇಟೆಯ ಪೇಢಿಯಲ್ಲಿ (ವ್ಯಾಪಾರಿ ಕಚೇರಿಯಲ್ಲಿ) ಕೂತ ಗುಮಾಸ್ತ, ಮಾಲನ್ನು ಅವನು ನೋಡದೆಯೂ ಇರಬಹುದು. ಆ ಹಿಂದಿನಿಂದ ತಿಳಿಸುತ್ತೇವೆ ಅಂದ ಧಾರಣೆಯ ಕಾಗದವೂ ಅದೇ ಟ್ರಂಕಿನಲ್ಲಿ ಇದ್ದೀತು, ಮತ್ತೊಮ್ಮೆ ಕೆದಕಿ.